ಸಾಹೇಬರ ಡೇರೆ ಹೊತ್ತವರು

ಮಣ್ಣಿಗೆ ಮಳೆ ಬಿದ್ದಾಗಿನ ವಾಸನೆಯನ್ನು ಹೊಗಳದವರಿಲ್ಲ. ಕಾದ ಬಂಡೆಗೆ ಮಳೆ ಬಿದ್ದಾಗಿನ ವಾಸನೆಯೇ ಬೇರೆ. ರೊಟ್ಟಿ ಬೇಯಿಸಿ ಮುಗಿದ ಹಂಚಿನ ಮೇಲೆ ನೀರು ಚೆಲ್ಲಿದರೆ ಹಬೆ ಎದ್ದು ಮೂಗಿಗೆ ಬಡಿಯುತ್ತದಲ್ಲ, ಹೆಚ್ಚುಕಡಿಮೆ ಅಂಥದು. ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆಂದು ಸುರಪುರಕ್ಕೆ ಹೋಗಿ ಬಸ್ಸಿನಿಂದ ಕೆಳಗೆ ಕಾಲಿಡುತ್ತಲೇ ನಾಲ್ಕು ಹನಿ ಬಿದ್ದವು. ಊರ ಸುತ್ತಲಿನ ಗುಡ್ಡಗಳಿಂದ ಆ ವಾಸನೆ ಇಳಿದು ಬಂತು. ಜೊತೆಗಿದ್ದ ಸಹೋದ್ಯೋಗಿ ಕೊಡೆ ಬಿಚ್ಚುತ್ತ, "ಯಾಕ್ರಿ ಮೇಡಂ, ನಿಂತ ಬಿಟ್ರಿ?" ಎಂದರು. ಏನೂ ಇಲ್ಲ ಎಂದೆ. ಆದರೆ ಎದೆಯಲ್ಲಿ ಹಳೆಯ ಗಾಬರಿಯೊಂದು ಎದ್ದು ಕೂತಿತ್ತು. ಇದೇ ವಾಸನೆಯ ಒಂದು ಮಧ್ಯಾಹ್ನ, ಇದೇ ಊರಲ್ಲಿ, ತುಂಬಿದ ಸಭೆಯ ಮುಂದೆ ಎದ್ದು ನಿಂತಿದ್ದೆ.

ಆ ವರ್ಷ ನಾನು ಸುರಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ವರ್ಷ ಮುಗಿದರೆ ಬಾಗಿಲ ಹೊರಗೆ. ಅಪ್ಪ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಕ್ಯಾಂಪಿನ ಕ್ವಾರ್ಟರ್ಸಿನಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಸುರಪುರಕ್ಕೆ ಹೋಗುತ್ತಿದ್ದೆ, ಸಂಜೆ ಮರಳುತ್ತಿದ್ದೆ. ಸೀಟು ಸಿಕ್ಕರೆ ಮುಂದಿನ ಅರ್ಹತಾ ಪರೀಕ್ಷೆಗೆ ಓದುವುದು, ಸಿಗದಿದ್ದರೆ ಕಂಬಿ ಹಿಡಿದು ನಿಂತು, ಓದಬೇಕಾದ್ದನ್ನು ನೆನೆಯುವುದು. ಮನೆಯಲ್ಲಿ ವರಗಳ ಮಾತು ನಡೆದಿತ್ತು. ಯಾವುದರ ಮೇಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಮಳೆಯೂ ಹಾಗೇ ಇತ್ತು. ಶ್ರಾವಣ ಬಂದರೂ ಮೋಡ ಕಟ್ಟುವುದು, ಗಾಳಿ ಬೀಸುವುದು, ಮೋಡ ಚದುರುವುದು. ತರಗತಿಯಲ್ಲಿ ಫ್ಯಾನು ನಿಂತಾಗ ಮಕ್ಕಳು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುವ ಸಪ್ಪಳವೇ ನನ್ನ ಪಾಠಕ್ಕಿಂತ ಜೋರಾಗಿರುತ್ತಿತ್ತು.

ಬ್ರಿಟಿಷ್ ಆಳ್ವಿಕೆಯ ಪಾಠ ನಡೆದಿತ್ತು. ಒಳಿತು ಕೆಡುಕುಗಳನ್ನು ವಿವರಿಸಿ ಎಂಬ ಪ್ರಶ್ನೆ ವರ್ಷ ಬಿಟ್ಟು ವರ್ಷ ಬರುತ್ತದೆ. ಮಕ್ಕಳಿಗೆ ಉತ್ತರ ಬಾಯಿಪಾಠ. ರೈಲು ಬಂತು, ಅಂಚೆ ಬಂತು, ಇಂಗ್ಲಿಷ್ ಬಂತು. ಸಂಪತ್ತು ಹೋಯಿತು, ನೇಕಾರ ಸತ್ತ, ಬರ ಬಿತ್ತು. ಎಡಕ್ಕೆ ನಾಲ್ಕು ಸಾಲು, ಬಲಕ್ಕೆ ನಾಲ್ಕು ಸಾಲು. ಅದನ್ನು ಬರೆಸುವಾಗ ನನಗೇ ಕಸಿವಿಸಿ. ಕಿಟಕಿಯಿಂದ ಹೊರಗೆ ನೋಡಿದರೆ ಗುಡ್ಡ ಕಾಣುತ್ತಿತ್ತು. ಆ ಗುಡ್ಡದ ಮೇಲೆ ಒಬ್ಬ ಬಿಳಿ ಅಧಿಕಾರಿ ಬಂಗಲೆ ಕಟ್ಟಿಸಿಕೊಂಡು ಇಲ್ಲಿನ ಎಳೆಯ ಅರಸನನ್ನು ನೋಡಿಕೊಂಡಿದ್ದ. ಅದೇ ಅರಸ ದೊಡ್ಡವನಾಗಿ ಕುಂಪಣಿಯ ಮೇಲೆ ತಿರುಗಿಬಿದ್ದು ಸೆರೆಸಿಕ್ಕು ಸತ್ತ. ಸೀಮೆ ಆಮೇಲೆ ನಿಜಾಮನ ಪಾಲಾಯಿತು. ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡು ನಾವು ಗೈಡಿನ ನಾಲ್ಕು ಸಾಲು ಬರೆಯುತ್ತಿದ್ದೆವು.

ಸ್ವಾತಂತ್ರ್ಯ ದಿನದ ಸಲುವಾಗಿ ಚರ್ಚಾಸ್ಪರ್ಧೆ ಮಾಡಬೇಕೆಂದು ಪ್ರಿನ್ಸಿಪಾಲರು ಹೇಳಿದಾಗ ನಾನೇ ವಿಷಯ ಕೊಟ್ಟೆ: ಆ ಆಳ್ವಿಕೆಯಿಂದ ನಮ್ಮ ಸೀಮೆಗೆ ಒಳಿತಾಯಿತೋ ಕೆಡುಕಾಯಿತೋ. "ನಮ್ಮ ಸೀಮೆಗೆ" ಎಂಬುದರ ಕೆಳಗೆ ಗೆರೆ ಎಳೆದೆ. ಯಾರು ಯಾವ ಕಡೆ ಮಾತಾಡಬೇಕೆಂದು ಚೀಟಿ ಎತ್ತಿಸಿದೆ.

ಹಣಮಂತ ಎಂಬ ಹುಡುಗನಿಗೆ "ಒಳಿತು" ಬಂತು. ಅವನು ಬೇಡ ನಾಯಕರ ಮನೆತನದವನು. ಆ ದಂಗೆಯಲ್ಲಿ ಅವನ ಹಿರಿಯರೊಬ್ಬರನ್ನು ಗಲ್ಲಿಗೆ ಹಾಕಿದ್ದರೆಂದು ಮನೆಯಲ್ಲಿ ಇವತ್ತಿಗೂ ಎಡೆ ಇಡುತ್ತಾರೆ. ಸುಜಾತಾ ಎಂಬ ಹುಡುಗಿಗೆ "ಕೆಡುಕು" ಬಂತು. ಅವಳು ದೋರನಹಳ್ಳಿಯ ಬೌದ್ಧ ಕುಟುಂಬದವಳು, ಸುರಪುರದ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಇಬ್ಬರೂ ಚೀಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಅದಲು ಬದಲು ಮಾಡ್ರಿ ಮೇಡಂ," ಎಂದ ಹಣಮಂತ. "ನಾ ಇದನ್ನ ಮಾತಾಡಿದ್ರ ಮನ್ಯಾಗ ಕಾಲಿಡಾಕ ಬಿಡಂಗಿಲ್ರಿ."

"ನಮ್ಮಪ್ಪನೂ ಹಂಗರಿ," ಎಂದಳು ಸುಜಾತಾ. "ಇಂಗ್ರೇಜರು ಬರಲಿಲ್ಲಂದ್ರ ನಮ್ಮ ಮಂದಿ ಪಾಟಿ ಬಳಪ ಹಿಡೀತಿದ್ದಿಲ್ಲ ಅಂತಾನ. ನಾ ಹೆಂಗ ಎದುರು ಹೇಳ್ಲಿ?"

"ಮನೆಯಲ್ಲಿ ಕೇಳಿದ್ದನ್ನೇ ವೇದಿಕೆಯಲ್ಲಿ ಹೇಳುವುದಾದರೆ ಕಾಲೇಜಿಗೆ ಯಾಕೆ ಬರಬೇಕು?" ಎಂದೆ. ಆ ಮಾತು ಆಗ ನನಗೆ ಬಹಳ ಚೆನ್ನಾಗಿ ಕೇಳಿಸಿತು. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಸಂಜೆ ಬಸ್ಸಿನಲ್ಲಿ ನಿಂತಾಗ ಅದೇ ಮಾತು ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವನ ತವರೂರು ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿದೆ. ಅದೇ ನೀರಿನ ಕಾಲುವೆ ಕಚೇರಿಯ ಸಂಬಳದಲ್ಲಿ ನಾವು ಉಂಡು ಬೆಳೆದವರು. ಅವ್ವ ಕಾಯಿಪಲ್ಯ ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಲಿಲ್ಲ. "ಮುಳುಗಿದವ್ರು ಒಬ್ರು, ನೀರ ಹಾಯಿಸಿಕೊಂಡವ್ರು ಒಬ್ರು. ತಕ್ಕಡಿ ಹಿಡಿಯಾಕ ಮೂರನೇದವ್ರು ಬರ್ತಾರ. ನೀ ಆ ಮೂರನೇದಾಕಿ ಏನ?" ಎಂದಳು.

ಮುಂದಿನ ವಾರ ಹಣಮಂತ ತನ್ನ ಮುತ್ಯಾನನ್ನು, ಅಂದರೆ ಅಜ್ಜನನ್ನು, ಮಾತಾಡಿಸಲು ನನ್ನನ್ನು ಕರೆದುಕೊಂಡು ಹೋದ. ಸುರಪುರಕ್ಕೆ ಅಂಟಿಕೊಂಡಂತೆ ಇರುವ ಸಣ್ಣ ಹಳ್ಳಿ ಅವರದು. ಮುತ್ಯಾ ಎಂದರೆ ಎಂಬತ್ತು ದಾಟಿದ ನೆಟ್ಟಗಿನ ದೇಹ, ಬಿಳಿ ರುಮಾಲು, ಕಣ್ಣಿಗೆ ದಪ್ಪ ಕನ್ನಡಕ. ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದ. ಮೊಮ್ಮಗ ಬಂದ ಕಾರಣ ಹೇಳಿದ್ದೇ, "ಒಳ್ಳೇದ? ಅವರು ಮಾಡಿದ ಒಳ್ಳೇದು ನನ್ನ ಕೇಳಾಕ ಬಂದಿ?" ಎಂದು ನಕ್ಕ. ನಗು ಬೇಗ ಹೋಯಿತು.

"ಕತ್ತಿ, ಭರ್ಚಿ, ಬಂದೂಕು, ಮನ್ಯಾಗಿದ್ದ ಆಯುಧ ಎಲ್ಲಾ ಒಯ್ದರು. ಇನಾಮಿನ ಹೊಲ ಹೋತು. ಕಾವಲ ಕಾಯೂ ಮಂದಿ ಕಟಗಿ ಮಾರಾಕ ಹತ್ತಿದ್ರು. ಬ್ಯಾಡರ ಪೋರ ಅಂದ್ರ ಕಳ್ಳ ಅಂತ ಬರಕೊಂಡ್ರು. ಇದರಾಗ ಒಳ್ಳೇದು ನೀ ಹುಡುಕು."

"ಕೆರಿ ಏರಿ ಆ ಗುಡ್ಡದ ಬಂಗ್ಲೆ ಸಾಹೇಬನ ಕಾಲದಾಗ ಗಟ್ಟಿ ಮಾಡ್ಯಾರ ಅಂತಾರಲ್ಲ, ಮುತ್ಯಾ?" ಎಂದ ಹಣಮಂತ.

"ಮಾಡ್ಯಾರಂತ. ನಮ್ಮ ದೊರಿಗೋಳು ಕಟ್ಟಿದ ಕೆರಿ, ಅಂವ ಗಟ್ಟಿ ಮಾಡ್ಸಿದ. ಅದರ ನೀರ ನಾನೂ ಕುಡದೀನಿ, ಇಲ್ಲ ಅನ್ನಂಗಿಲ್ಲ." ಮುತ್ಯಾ ನನ್ನ ಕಡೆ ತಿರುಗಿ, "ನೋಡವಾ, ಸಣ್ಣ ದೊರಿ ಆ ಸಾಹೇಬಗ ಅಪ್ಪಾ ಅಂತ ಕರೀತಿದ್ನಂತ. ಎತ್ತಿ ಆಡಿಸಿದ ಅಪ್ಪ. ಕಡೀಕ ಶಿಕ್ಷಾ ಕೊಟ್ಟಿದ್ದು ಅದಾ ಅಪ್ಪನ ಸರ್ಕಾರ. ಸೆರಿಮನ್ಯಾಗ ಹೋಗಿ ಮಾತಾಡಿಸಿ ಕಣ್ಣೀರ ಹಾಕಿದ್ನಂತ ಸಾಹೇಬ. ಈಗ ಹೇಳು, ಅಂವ ಒಳ್ಳ್ಯಾವನೋ ಕೆಟ್ಟವನೋ?"

"ಒಳ್ಳೆಯವನೇ ಇರಬೇಕು," ಎಂದೆ.

"ಒಳ್ಳ್ಯಾವನ ಇದ್ದ. ತ್ರಾಸು ಇರೂದ ಅಲ್ಲಿ."

ಹಣಮಂತ ಏನೂ ಬರೆದುಕೊಳ್ಳಲಿಲ್ಲ. ಮರಳಿ ಬರುವಾಗ ರಸ್ತೆಯ ಮೇಲಿನ ಕಲ್ಲನ್ನು ಒದೆಯುತ್ತ ನಡೆದ. ಅವನ ಕಾಕಾ ಭೀಮಣ್ಣ ಊರಿನ ಹುಡುಗರನ್ನು ಕಟ್ಟಿಕೊಂಡು ಪ್ರತಿವರ್ಷ ಅರಸನ ನೆನಪಿಗೆ ಮೆರವಣಿಗೆ ಮಾಡಿಸುವವನು. ಅವನಿಗೆ ಸುದ್ದಿ ಮುಟ್ಟಿತ್ತು. "ವೇದಿಕಿ ಮ್ಯಾಲ ಹೊಗಳಿದಿ ಅಂದ್ರ ಅಲ್ಲೇ ಇಳಸ್ತೀನಿ" ಎಂದಿದ್ದನಂತೆ.

ಸುಜಾತಾಳ ಕಡೆ ಬೇರೆ ಕಷ್ಟ. ಅವಳ ಅಪ್ಪ ಮಲ್ಲಪ್ಪ ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ. ಎಸ್‌ಎಸ್‌ಎಲ್‌ಸಿವರೆಗೆ ಓದಿದವನು. ಬುದ್ಧನ ಫೋಟೊದ ಕೆಳಗೆ ಮಗಳ ಪುಸ್ತಕಗಳಿಗೆಂದೇ ಹಲಗೆ ಹೊಡೆಸಿದ್ದ. ಭಾನುವಾರ ಊರಿಗೆ ಹೋದ ಮಗಳು ಚೀಟಿಯ ವಿಷಯ ಹೇಳಿದಾಗಿನಿಂದ ಅವಳ ಜೊತೆ ಮಾತು ಬಿಟ್ಟಿದ್ದ.

"ಸಿಟ್ಟಿಲ್ರಿ ಅವಗ, ಹೆದರಿಕಿ," ಎಂದಳು ಸುಜಾತಾ. "ನಾ ಇಂಗ್ರೇಜರಿಗೆ ಬೈದ್ರ ಊರವರು ಚಪ್ಪಾಳಿ ಹೊಡೀತಾರಂತ. ನೋಡು, ಇವರೂ ಒಪ್ಪಿದ್ರು, ಮದಲಿನ ಕಾಲಾನ ಚಲೋ ಇತ್ತು ಅಂತಾರಂತ. ಅವರ ಕೈಯಾಗ ನೀ ಕೋಲಾಗಬ್ಯಾಡ ಅಂತಾನ."

ಆ ಮಾತು ಕೇಳಿ ನಾನು ಬೆಚ್ಚಿದೆ. ನನ್ನ ಪುಸ್ತಕಗಳಲ್ಲಿ ಇದು ಇರಲಿಲ್ಲ. "ಹಾಗಿದ್ದರೆ ಹೆಸರು ವಾಪಸ್ ತಗೋ. ನಾನು ಪ್ರಿನ್ಸಿಪಾಲರಿಗೆ ಹೇಳುತ್ತೇನೆ," ಎಂದೆ.

ಅವಳು ಹೂಂ ಅನ್ನಲಿಲ್ಲ. "ಆಯಿ ಒಂದ ಮಾತು ಹೇಳ್ಯಾಳ್ರಿ," ಎಂದಳು. ಆಯಿ ಎಂದರೆ ಅವಳ ಅಪ್ಪನ ತಾಯಿ. "ಅದನ್ನ ಕೇಳಿದ ಮ್ಯಾಲ ನನಗ ಸುಮ್ನಿರಾಕ ಆಗವಲ್ದು." ಏನೆಂದು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಚರ್ಚೆಯ ದಿನ ಬೆಳಿಗ್ಗೆಯಿಂದ ಮೋಡ ಕವಿದಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಸಭಾಂಗಣದಲ್ಲಿ ಕರೆಂಟು ಹೋಗಿ ಮೈಕು ಸತ್ತುಬಿದ್ದಿತ್ತು. ಮುಂದಿನ ಸಾಲಿನಲ್ಲಿ ಭೀಮಣ್ಣ ಏಳೆಂಟು ಜನ ಹುಡುಗರ ಜೊತೆ ಬಂದು ಕೂತಿದ್ದ. ಪಕ್ಕದಲ್ಲಿ ಮುತ್ಯಾ. ಸುಜಾತಾಳ ಅಪ್ಪ ಬರುವುದಿಲ್ಲವೆಂದು ಅವಳು ಹೇಳಿದ್ದಳು. ಆದರೆ ಹಿಂದಿನ ಬಾಗಿಲಿಗೆ ಒರಗಿ ಮಲ್ಲಪ್ಪ ನಿಂತಿದ್ದ, ಒಳಗೂ ಅಲ್ಲ ಹೊರಗೂ ಅಲ್ಲ.

ಮೊದಲು ಮಾತಾಡಿದ ಮಕ್ಕಳು ರೈಲು, ಅಂಚೆ, ಸಂಪತ್ತು ಎಂದು ಒಪ್ಪಿಸಿ ಇಳಿದರು. ಹಣಮಂತನ ಸರದಿ ಬಂತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಶುರುಮಾಡಿದ. ಕೆರೆಯ ಏರಿಯ ಮಾತು ಹೇಳಿದ. ನೀರಿನ ಮಾತು ಹೇಳಿದ. ಆಮೇಲೆ, "ಆ ಸಾಹೇಬ ಮನಷಾ ಚಲೋ ಇದ್ದ. ನಮ್ಮ ದೊರಿ ಅವಗ ಅಪ್ಪಾ..." ಎನ್ನುತ್ತಿದ್ದಂತೆ ಭೀಮಣ್ಣ ಎದ್ದು ನಿಂತ.

"ಸಾಕು. ಇಳಿ."

ಹಣಮಂತ ಮುತ್ಯಾನ ಕಡೆ ನೋಡಿದ. ಮುತ್ಯಾ ನೆಲ ನೋಡುತ್ತಿದ್ದ. ಹುಡುಗ ಒಂದು ಗಳಿಗೆ ತಡೆದು, ಮಾತು ಅರ್ಧಕ್ಕೇ ಬಿಟ್ಟು ಕೆಳಗಿಳಿದು ಬಂದ. ಪ್ರಿನ್ಸಿಪಾಲರು ಗಡಿಬಿಡಿಯಿಂದ ಮುಂದಿನ ಹೆಸರು ಕರೆದರು.

ಸುಜಾತಾ ವೇದಿಕೆ ಹತ್ತಿದಳು. ಮೈಕಿಲ್ಲದಿದ್ದರೂ ಅವಳ ದನಿ ಹಿಂದಿನ ಗೋಡೆ ಮುಟ್ಟಿತು.

"ನನ್ನ ಚೀಟ್ಯಾಗ ಕೆಡುಕು ಅಂತ ಬಂದಾದ. ಅಕ್ಷರ ಬಂದಿದ್ದು ಅವರಿಂದ ಅಂತ ನಮ್ಮಪ್ಪ ಅಂತಾನ. ಅದನ್ನ ನಾ ಸುಳ್ಳ ಅನ್ನಂಗಿಲ್ಲ. ನಾ ಒಂದ ಸಂಗತಿ ಅಷ್ಟ ಹೇಳ್ತೀನಿ. ನಮ್ಮ ಆಯಿ ಸಣ್ಣಾಕಿ ಇದ್ದಾಗ ಗೋರಾ ಸಾಹೇಬರು ನಮ್ಮ ಕಡಿ ಶಿಕಾರಿಗೆ ಬರ್ತಿದ್ರಂತ. ನಿಜಾಮರ ಸೀಮಿ ಇದ್ರೂ ಸಾಹೇಬ ಬಂದ ಅಂದ್ರ ಅವನ ಹುಕುಂ ನಡೀತಿತ್ತು. ಡೇರಾ, ಕುರ್ಚಿ, ಜಳಕದ ತೊಟ್ಟಿ ಎಲ್ಲಾ ನಮ್ಮ ಮಂದಿ ಬಿಟ್ಟಿ ಹೊರಬೇಕು. ಆಯಿಯ ಅವ್ವ ಹಡದು ಇನ್ನಾ ಬಾಣಂತಿ ಇದ್ದಳು. ಆಕಿನ್ನೂ ಕರದರು. ಕೂಸಿನ್ನ ಮನ್ಯಾಗ ಬಿಟ್ಟು, ಡೇರಾದ ಬಟ್ಟಿ ತಲಿಮ್ಯಾಲ ಹೊತ್ಗೊಂಡು ಭೀಮಾ ನದಿ ತನಕ ಹೋದಳು. ತಿರುಗಿ ಬರೂದ್ರಾಗ ಕೂಸು ಹೋಗಿತ್ತು. ಅದು ನಮ್ಮ ಆಯಿಯ ತಮ್ಮ. ಹೆಸರೂ ಇಟ್ಟಿದ್ದಿಲ್ಲಂತ."

ಅವಳು ದುಪಟ್ಟಾದ ತುದಿಯಿಂದ ಹಣೆಯ ಬೆವರು ಒರೆಸಿಕೊಂಡಳು.

"ಸಾಹೇಬ ಕೆಟ್ಟಾಂವ ಇದ್ದಿಲ್ಲಂತ. ಹೋಗೂ ಮುಂದ ಓಣಿ ಹುಡುಗರಿಗೆ ಸಕ್ರಿ ಹಂಚಿದನಂತ. ಆದ್ರ ತನ್ನ ಡೇರಾ ಯಾರ ತಲಿಮ್ಯಾಲ ಬಂತು ಅಂತ ಒಂದ ದಿನಾನೂ ಕೇಳಲಿಲ್ಲ. ಕೇಳದನ ಆಳಿದ್ದು, ಅದಾ ನಾ ಹೇಳೂ ಕೆಡುಕು."

ಮುಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಭೀಮಣ್ಣನೂ ತಲೆಯಾಡಿಸಿದ. ಹಿಂದೆ ಬಾಗಿಲ ಹತ್ತಿರ ಮಲ್ಲಪ್ಪನ ಮುಖ ಕಪ್ಪಿಟ್ಟಿತು. ಅವನು ಹೆದರಿದ್ದು ಇದಕ್ಕೇ.

ಸುಜಾತಾ ಕೈ ಎತ್ತಿದಳು. "ಚಪ್ಪಾಳಿ ಬ್ಯಾಡ್ರಿ. ನಂದು ಮುಗದಿಲ್ಲ. ಸಾಹೇಬಗ ನಮ್ಮ ಓಣಿ ಗೊತ್ತಿದ್ದಿಲ್ಲ. ತೋರಿಸಿದವ್ರು ಊರವರು. ಬಾಗಿಲ ಬಡದು ಬಾಣಂತಿನ್ನ ಎಬ್ಬಿಸಿದವ್ರೂ ಊರವರು. ಸಾಹೇಬ ಬರೂಕಿಂತ ಮದಲೂ ನಾವು ಹೊರತಿದ್ವಿ. ಗೋರಾ ಮನಷಾ ಹೋದ ಮ್ಯಾಲೂ ಹೊತ್ವಿ."

"ಏ ತಂಗಿ," ಭೀಮಣ್ಣ ಎದ್ದ. "ವಿಷಯ ಇಂಗ್ರೇಜರದು. ಊರವರ ಹೆಸರು ಯಾಕ ತಗೀತಿ? ಊರ ಇಜ್ಜತ್ ಕಳೀತಿ ಏನ? ಮಾಫಿ ಕೇಳು." ಅವನ ಹಿಂದೆ ಹುಡುಗರೂ ಎದ್ದರು. ಕುರ್ಚಿಗಳು ಕಿರುಗುಟ್ಟಿದವು.

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಎದ್ದು, "ಅವಳ ಸಮಯ ಇನ್ನೂ ಮುಗಿದಿಲ್ಲ," ಎಂದೆ. ದನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ. "ನೀವು ಸುಮ್ನ ಕುಂದರ್ರಿ ಮೇಡಂ, ಇದಕ್ಕೆಲ್ಲ ಮೂಲ ನೀವಾ," ಎಂದು ಭೀಮಣ್ಣ ನನ್ನ ಕಡೆ ಎರಡು ಹೆಜ್ಜೆ ಬಂದ. ಆಗ ಹಿಂದಿನಿಂದ ಒಂದು ದನಿ ಬಂತು.

"ಆಕಿ ಮಾತು ಮುಗೀಲಿ."

ಮಲ್ಲಪ್ಪ ಬಾಗಿಲು ಬಿಟ್ಟು ಸಾಲುಗಳ ನಡುವೆ ನಡೆದು ಬರುತ್ತಿದ್ದ. ಭೀಮಣ್ಣನ ಎದುರಿಗೆ ಬಂದು ನಿಂತ. ಇಬ್ಬರದೂ ಒಂದೇ ಎತ್ತರ. "ನಾ ಆಕಿ ಅಪ್ಪ. ಆಕಿ ಹೇಳಿದ್ದು ನನಗೂ ಪೂರಾ ಸೇರಿಲ್ಲ. ಮನಿಗಿ ಹೋಗಿ ಜಗಳ ಆಡ್ತೀನಿ. ಆದ್ರ ಇಲ್ಲಿ ಆಕಿ ಮಾತು ಮುಗೀಲಿ."

ಮುತ್ಯಾ ಕೂತಲ್ಲಿಂದಲೇ ಭೀಮಣ್ಣನ ಅಂಗಿಯ ತುದಿ ಹಿಡಿದು ಜಗ್ಗಿದ. "ಕುಂದ್ರು," ಎಂದ. ಭೀಮಣ್ಣ ಕೂರಲಿಲ್ಲ. ತನ್ನ ಹುಡುಗರನ್ನು ಕರೆದುಕೊಂಡು ಹೊರಗೆ ಹೋದ. ಮುತ್ಯಾ ಉಳಿದ.

ಸುಜಾತಾಳಿಗೆ ಹೇಳುವುದು ಹೆಚ್ಚೇನೂ ಉಳಿದಿರಲಿಲ್ಲ. "ಇಷ್ಟ ನನ್ನ ಮಾತು," ಎಂದು ಕೈ ಮುಗಿದು ಇಳಿದಳು. ಇಳಿಯುವಾಗ ಮೆಟ್ಟಿಲು ತಪ್ಪಿದಳು, ಅವಳಪ್ಪ ಮೊಣಕೈ ಹಿಡಿದ. ಬಹುಮಾನ ಯಾರಿಗೂ ಕೊಡಲಿಲ್ಲ. ಪ್ರಿನ್ಸಿಪಾಲರು ವಂದನಾರ್ಪಣೆ ಹೇಳುವಷ್ಟರಲ್ಲಿ, ಒಂದು ತಿಂಗಳಿಂದ ತಡೆದಿದ್ದ ಮಳೆ ಗುಡ್ಡದ ಬಂಡೆಗಳ ಮೇಲೆ ದಬದಬನೆ ಸುರಿಯಿತು. ಆ ಹಬೆಯ ವಾಸನೆ ಕಿಟಕಿಗಳಿಂದ ಒಳಗೆ ನುಗ್ಗಿತು.

ಮಳೆಯಲ್ಲಿ ಎಲ್ಲರೂ ವರಾಂಡದಲ್ಲಿ ಸಿಕ್ಕಿಕೊಂಡೆವು. ಅಲ್ಲಿ ಇದ್ದದ್ದು ಒಂದೇ ಬೆಂಚು. ಮುತ್ಯಾ ಕೂತಿದ್ದ, ಹಣಮಂತ ಪಕ್ಕದಲ್ಲಿ ನಿಂತಿದ್ದ. ಮಲ್ಲಪ್ಪ ಮಗಳ ಜೊತೆ ಕಂಬದ ಹತ್ತಿರ.

"ಯಾವೂರಾಂವಪಾ ನೀ?" ಮುತ್ಯಾ ಕೇಳಿದ.

"ದೋರನಹಳ್ಳಿ."

"ನಿನ್ನ ಮಗಳು ಹೇಳಿದ್ದು ಖರೇನ? ಆ ಬಾಣಂತಿದು?"

"ಖರೆ. ನಮ್ಮವ್ವ ಇನ್ನಾ ಅದಾಳ. ಬಂದು ಕೇಳು ಬೇಕಾದ್ರ." ಮಲ್ಲಪ್ಪನೂ ಏಕವಚನದಲ್ಲೇ ಹೇಳಿದ.

ಮುತ್ಯಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸಿ ಮುಗಿದರೂ ಹಾಕಿಕೊಳ್ಳಲಿಲ್ಲ. "ನಮ್ಮೂರ ಕಾವಲ, ತಳವಾರಕಿ, ನಮ್ಮಪ್ಪಂದು," ಎಂದ. "ಸಾಹೇಬ ಬರ್ತಾನ ಅಂದ್ರ ಗೌಡ ನಮ್ಮಪ್ಪಗ ಹೇಳಿ ಕಳಸ್ತಿದ್ದ. ಅಪ್ಪ ಬಾರಕೋಲು ಹಿಡಕೊಂಡು ಕೆಳಗಿನ ಓಣಿಗಿ ಹೋಗ್ತಿದ್ದ. ನಾನೂ ಹಿಂದ ಹೋಗ್ತಿದ್ದೆ. ನನಗ ಅದು ಆಟ. ಬಾಗಿಲ ಬಡಿಯೂದು ನನ್ನ ಕೆಲಸ."

ಹಣಮಂತನ ಮುಖ ನೋಡಲಾಗುತ್ತಿರಲಿಲ್ಲ. "ಮುತ್ಯಾ, ಇದನ್ನ ನನಗ ಯಾಕ ಹೇಳಿಲ್ಲ?"

"ಸಾಹೇಬ ಮಾಡಿದ್ದು ಕೇಳಿದಿ, ಹೇಳಿದೆ. ನಾವು ಮಾಡಿದ್ದು ನೀ ಕೇಳಲಿಲ್ಲಲ್ಲ."

ಮುತ್ಯಾ ಬೆಂಚಿನ ತುದಿಗೆ ಸರಿದ. ಮಲ್ಲಪ್ಪನನ್ನು ನೋಡಿ, "ಬರ್ರಿ, ಕುಂದರ್ರಿ. ಮಳಿ ನಿಲ್ಲಲಿ," ಎಂದ. ಆ "ರಿ" ಎಲ್ಲರ ಕಿವಿಗೂ ಬಿತ್ತು. ಸುಜಾತಾ ಅಪ್ಪನ ಮುಖ ನೋಡಿದಳು.

"ಬಸ್ಸಿನ ಹೊತ್ತಾತು," ಎಂದ ಮಲ್ಲಪ್ಪ. ಮಗಳ ತಲೆಯ ಮೇಲೆ ತನ್ನ ಟವೆಲ್ ಹಾಕಿ ಸುರಿಯುವ ಮಳೆಯಲ್ಲೇ ಇಳಿದು ಹೋದ. ಅವರು ಗೇಟು ದಾಟುವವರೆಗೂ ಮುತ್ಯಾ ಬೆಂಚಿನ ಆ ಖಾಲಿ ಜಾಗದ ಕಡೆ ತಿರುಗಲಿಲ್ಲ.

ಮುಂದಿನ ವರ್ಷದ ಅತಿಥಿ ಉಪನ್ಯಾಸಕರಲ್ಲಿ ನಾನಿರಲಿಲ್ಲ. ಆ ದಿನದ ಕಾರಣಕ್ಕೋ, ಬೇರೆ ಯಾವುದಕ್ಕೋ, ಇವತ್ತಿಗೂ ಗೊತ್ತಿಲ್ಲ. ಅರ್ಹತಾ ಪರೀಕ್ಷೆ ಪಾಸಾಗಿ ಯಾದಗಿರಿಗೆ ಬಂದೆ. ಸುಜಾತಾ ಕಾನೂನು ಓದಿ ಶಹಾಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ. ಅವಳಪ್ಪ ಇವತ್ತಿಗೂ ಇಂಗ್ರೇಜರ ಪರವಾಗಿಯೇ ವಾದ ಮಾಡುತ್ತಾನಂತೆ, ಮಗಳು ಎದುರಿಗೆ ಕೂತು ಖಂಡಿಸುತ್ತಾಳಂತೆ, ಊಟ ಆರಿಹೋಗುತ್ತದಂತೆ. ಹಣಮಂತ ಹೈಸ್ಕೂಲ್ ಮಾಸ್ತರನಾಗಿದ್ದಾನೆ. ಆದರೆ ನನಗೆ ಆ ವರ್ಷ ಎಂದರೆ ನೆನಪಾಗುವುದು ಚರ್ಚೆಯಲ್ಲ, ಅದಾದ ಮೇಲೆ ದಸರೆಯ ರಜೆಯಲ್ಲಿ ನಡೆದದ್ದು.

ಹಣಮಂತ ಫೋನು ಮಾಡಿದ್ದ. ಮುತ್ಯಾ ದೋರನಹಳ್ಳಿಗೆ ಹೋಗಬೇಕೆಂದು ಹಟ ಹಿಡಿದಿದ್ದಾನೆ, ಊಟ ಸರಿಯಾಗಿ ಮಾಡುತ್ತಿಲ್ಲ, ನೀವೂ ಬರಬೇಕು ಎಂದ. ನಾನು ಭೀಮರಾಯನಗುಡಿಯಲ್ಲಿ ಅವರ ಬಸ್ಸು ಹತ್ತಿದೆ. ಮುತ್ಯಾ ಹೊಸ ರುಮಾಲು ಸುತ್ತಿಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಮಡಿಲಲ್ಲಿ ಒಂದು ಸೀರೆ, ಒಂದು ಕುಪ್ಪಸದ ಕಣ, ಒಂದಿಷ್ಟು ಬಾಳೆಹಣ್ಣು. ಶಹಾಪುರ ದಾಟಿ ದೋರನಹಳ್ಳಿ ಬರುವವರೆಗೂ ಅವನ್ನು ಕೆಳಗಿಡಲಿಲ್ಲ. ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ನಮ್ಮ ಮೂವರಿಗೂ ಗೊತ್ತಿರಲಿಲ್ಲ.

ಮಲ್ಲಪ್ಪ ಕೂಲಿಯವರ ಜೊತೆ ಹೋಗಿದ್ದ. ಸುಜಾತಾ ಚಾಪೆ ಹಾಸಿದಳು. ಆಯಿ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಸಣ್ಣ ಆಳು, ಕಿವಿ ಮಂದ, ಕಣ್ಣು ಮಾತ್ರ ಚುರುಕು. ಮುತ್ಯಾ ಚಾಪೆಯ ಮೇಲೆ ಕೂರದೆ ಬರೀ ನೆಲದ ಮೇಲೆ ಕೂತು ಸೀರೆ ಮುಂದಿಟ್ಟ.

"ಏನಿದು?" ಆಯಿ ಕೇಳಿದಳು.

"ತಪ್ಪಾಗ್ಯಾದವಾ. ನಮ್ಮಪ್ಪ ಬಾಗಿಲ ಬಡದು ಕರೀತಿದ್ದ. ನಾನೂ ಬಡದೀನಿ. ನಿಮ್ಮ ತಮ್ಮನ ಸುದ್ದಿ ಕೇಳಿದಾಗಿಂದ ನಿದ್ದಿ ಹತ್ತವಲ್ದು."

ಆಯಿ ಶೇಂಗಾ ಬದಿಗಿಟ್ಟಳು. "ನಿಮ್ಮೂರು ಯಾವುದು?"

ಮುತ್ಯಾ ಹೇಳಿದ.

"ನಿಮ್ಮಪ್ಪ ಎಂದಾರ ನಮ್ಮೂರಿಗಿ ಬಂದಿದ್ನ?"

"ಇಲ್ಲವಾ. ನಮ್ಮೂರಾಗ ಅಷ್ಟ."

"ಹಂಗಿದ್ರ ನಮ್ಮ ಬಾಗಿಲ ಬಡದಾಂವ ನಿಮ್ಮಪ್ಪ ಅಲ್ಲ. ಅಂವ ಬ್ಯಾರೆ ಇದ್ದ. ಅವನ ಮಂದಿ ಇಲ್ಲೇ ಮ್ಯಾಗಿನ ಓಣ್ಯಾಗ ಅದಾರ, ಒಬ್ರೂ ಬಂದಿಲ್ಲ." ಆಯಿ ಸೀರೆಯನ್ನು ಮುತ್ಯಾನ ಕಡೆಗೆ ದೂಡಿದಳು. ಸಿಟ್ಟಿನಿಂದಲ್ಲ, ಮಕ್ಕಳು ತಪ್ಪಿ ತಂದ ಸಾಮಾನನ್ನು ತಿರುಗಿಸಿ ಕಳಿಸುವಂತೆ. "ನೀ ತಪ್ಪ ಮನಿಗಿ ಬಂದೀಯಪಾ. ನೀವು ಕರದವ್ರು ನಿಮ್ಮೂರ ಕೆಳಗಿನ ಓಣ್ಯಾಗ ಇರಬೇಕಲ್ಲ? ಅಲ್ಲಿಗಿ ಹೋಗು."

ಮುತ್ಯಾ ಸೀರೆಯ ಮಡಿಕೆ ಸರಿಮಾಡುತ್ತ, "ಇಲ್ಲಿಗಿ ಬರೂದು ಸಸಾರ ಇತ್ತವಾ," ಎಂದ. "ಆ ಓಣಿ ನಮ್ಮ ಮನಿಯಿಂದ ಕಾಣ್ತದ. ಎಂಬತ್ತ ವರ್ಷ ನೋಡೀನಿ. ಅಲ್ಲಿ ಹೆಂಗ ಹೋಗ್ಲಿ?"

"ಬಾಗಿಲ ಬಡಿಯಾಕ ಹೋಗಿದ್ದಿಲ್ಲ? ಹಂಗ," ಎಂದಳು ಆಯಿ. ಮತ್ತೆ ಶೇಂಗಾ ಕೈಗೆ ತೆಗೆದುಕೊಂಡಳು. ಸುಜಾತಾ ಚಹಾ ತಂದಳು, ಎಲ್ಲರೂ ಕುಡಿದೆವು. ಬಾಳೆಹಣ್ಣು ಮಾತ್ರ ಆಯಿ ಇಟ್ಟುಕೊಂಡಳು.

ಮರಳಿ ಬರುವಾಗ ನಾನು ಭೀಮರಾಯನಗುಡಿಯಲ್ಲಿ ಇಳಿದೆ. ಅವರ ಬಸ್ಸು ಮುಂದೆ ಹೋಯಿತು. ಮನೆಯಲ್ಲಿ ಕೂರಲೂ ಆಗಲಿಲ್ಲ, ಓದಲೂ ಆಗಲಿಲ್ಲ. ಅವ್ವ ಏನು ಕೇಳಿದರೂ ಹೂಂ ಅನ್ನುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಹಣಮಂತನ ಫೋನು ಬಂತು. ಹುಡುಗ ಏದುಸಿರು ಬಿಡುತ್ತಿದ್ದ.

"ಮೇಡಂ, ಮುತ್ಯಾ ಬಸ್ಸಿಳದಾಂವ ಮನಿಗಿ ಬರಲಿಲ್ರಿ. ನೆಟ್ಟಗ ಕೆಳಗಿನ ಓಣಿಗಿ ಹೋಗ್ಯಾನ. ನನಗ ಹೊರಗ ನಿಲ್ಲು ಅಂದಾನ. ನಿಂತೀನಿ."

"ಒಳಗೆ ಏನಾಗುತ್ತಿದೆ? ಜಗಳವಾ?"

"ಮದಲು ಬಾಳ ಜೋರಾಗಿ ಬೈದ್ರು. ಭೀಮಣ್ಣ ಕಾಕಾನೂ ಓಡಿ ಬಂದಾನ. ಒಳಗ ಹೋಗವಲ್ಲ, ನನ್ನ ಬಾಜೂಕ ನಿಂತಾನ್ರಿ. ಈಗ ಬೈಯೂದು ನಿಂತಾದ. ಮುತ್ಯಾ ಹೆಸರು ಹೇಳಾಕತ್ತಾನ್ರಿ."

"ಯಾರ ಹೆಸರು?"

"ಅವರಪ್ಪ ಡೇರಾ ಹೊರಾಕ ಕರದವರದು. ಯಾವ ಮನಿ, ಯಾರು, ಒಬ್ಬೊಬ್ಬರದ ಹೇಳಾಕತ್ತಾನ. ಒಳಗಿನವ್ರು 'ಅಂವ ನಮ್ಮ ಮುತ್ಯಾ', 'ಆಕಿ ನಮ್ಮಾಯಿ' ಅನ್ನಾಕತ್ತಾರ್ರಿ." ಫೋನಿನ ಆ ಕಡೆ ದೂರದಲ್ಲಿ ಮುದುಕನ ದನಿ, ಅದರ ಹಿಂದೆ ಬೇರೆ ದನಿಗಳು ಕೇಳಿದವು. "ಇನ್ನಾ ಮುಗದಿಲ್ರಿ," ಎಂದ ಹಣಮಂತ.